50 ಪ್ರತಿಗಳಲ್ಲಿ ಅಸಲು ಚಿತ್ರ ಯಾವುದು?

ನಮಸ್ಕಾರ. ಜಮಖಂಡಿಯ ವೀಕ್ಷಕರೊಬ್ಬರು ಒಂದು ಪ್ರದರ್ಶನದಲ್ಲಿ ಕಪ್ಪು-ಬಿಳುಪು ಚಿತ್ರವೊಂದರ ಅಡಿಯಲ್ಲಿ ಪೆನ್ಸಿಲಿನಿಂದ 7/50 ಎಂದು ಬರೆದಿದ್ದನ್ನು ನೋಡಿ, ‘ಇದು 50 ಪ್ರತಿಗಳಲ್ಲಿ ಒಂದಾದರೆ ಅಸಲು ಚಿತ್ರ ಯಾರ ಹತ್ತಿರ ಇದೆ?’ ಎಂದು ಕೇಳಿದ್ದಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಯಾರ ಹತ್ತಿರವೂ ಇಲ್ಲ, ಅಥವಾ 50 ಜನರ ಹತ್ತಿರವೂ ಇದೆ. ಇದು ಹೇಗೆಂಬುದೇ ಇಂದಿನ ವಿಷಯ.

ಮುದ್ರಣಕಲೆಯ ಮೂಲಪಾಠವನ್ನು ಬೇಗ ಮುಗಿಸೋಣ. ಮರವನ್ನೋ ಲಿನೋಲಿಯಂ ಹಾಳೆಯನ್ನೋ ಕೆತ್ತಿ, ಉಳಿದ ಉಬ್ಬಿಗೆ ಮಸಿ ಸವರುವುದು ಒಂದು ಬಗೆ; ತಾಮ್ರದ ತಗಡಿನಲ್ಲಿ ಗೀರಿ, ಆ ತಗ್ಗಿನಲ್ಲಿ ಮಸಿ ತುಂಬುವುದು ಇನ್ನೊಂದು; ನುಣುಪಾದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ ಎಂಬುದನ್ನೇ ಬಳಸಿಕೊಂಡು ಅಚ್ಚು ತೆಗೆಯುವುದು ಮತ್ತೊಂದು. ಈ ಕಲ್ಲಚ್ಚನ್ನು 18ನೆಯ ಶತಮಾನದ ಕೊನೆಯಲ್ಲಿ ಬವೇರಿಯಾದಲ್ಲಿ ಕಂಡುಹಿಡಿದವನು ಅಲೋಯ್ಸ್ ಸೆನೆಫೆಲ್ಡರ್. ಅದಕ್ಕೆ ಹೆಸರಾದದ್ದು ಅಲ್ಲಿನ ಸೋಲ್ನ್‌ಹೋಫನ್ ಕಲ್ಲು. ನಮ್ಮ ಬಾಗಲಕೋಟೆ ಸೀಮೆಯಲ್ಲಿಯೂ ಸುಣ್ಣದಕಲ್ಲಿಗೆ ಬರವಿಲ್ಲ, ಆದರೆ ಅದು ಸಿಮೆಂಟ್ ಕಾರ್ಖಾನೆಯ ದಾರಿ ಹಿಡಿಯಿತು.

ಗೊಂದಲ ಹುಟ್ಟುವುದು ನಮ್ಮ ದೇವರಕೋಣೆಯಲ್ಲಿ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು, ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ಮುಟ್ಟಿಸಿದರು. ಆ ಅಚ್ಚುಗಳ ಹಿಂದೆ ತೈಲಚಿತ್ರ ಇರುತ್ತಿತ್ತು. ಅಚ್ಚು ಅದರ ನಕಲು. ಆದ್ದರಿಂದ ‘ಅಸಲು ಎಲ್ಲಿದೆ’ ಎಂಬ ಪ್ರಶ್ನೆಗೆ ಅಲ್ಲಿ ನಿಜವಾಗಿಯೂ ಅರ್ಥವಿದೆ. ಆದರೆ ಕಲಾವಿದ ಬೇರೆಲ್ಲೂ ಬರೆಯದೆ ನೇರವಾಗಿ ಕಲ್ಲಿನ ಮೇಲೆಯೇ ಚಿತ್ರವನ್ನು ಕಟ್ಟಿದಾಗ, ಕಲ್ಲಿನಿಂದ ಹಾಳೆಗೆ ಇಳಿದ ಮೇಲೆಯೇ ಆ ಚಿತ್ರ ಪೂರ್ತಿಯಾಗುತ್ತದೆ.

ಇದಕ್ಕೆ ನಾನು ಕೊಡುವ ಸಾಕ್ಷಿ ಒಂದು ಹೋರಿ. ಅದರ ಹಕ್ಕುಗಳು ಇನ್ನೂ ಜಾರಿಯಲ್ಲಿರುವುದರಿಂದ ತೆರೆಯ ಮೇಲೆ ತೋರಿಸುತ್ತಿಲ್ಲ. ನಾನು ಹೇಳುವಂತೆ ನೀವೇ ಮನಸ್ಸಿನಲ್ಲಿ ಬರೆದುಕೊಳ್ಳಿ.

1945ರ ಡಿಸೆಂಬರಿನಲ್ಲಿ ಪಿಕಾಸೊ ಪ್ಯಾರಿಸ್ಸಿನ ಫೆರ್ನಾಂ ಮುರ್ಲೋ ಅವರ ಅಚ್ಚುಕೂಟದಲ್ಲಿ ಕಲ್ಲಿನ ಮೇಲೆ ಒಂದು ಹೋರಿಯನ್ನು ಬರೆದರು. ಮೊದಲ ಹೋರಿ ಯಾರೂ ಮೆಚ್ಚುವಂಥದ್ದು: ಮೈ, ಕೋಡು, ಬಾಲ ಎಲ್ಲವೂ ಇದ್ದ ಹಾಗೆಯೇ ಇವೆ. ಕೆಲವು ಅಚ್ಚು ತೆಗೆದ ಮೇಲೆ ಅವರು ಅದೇ ಕಲ್ಲಿಗೆ ಮತ್ತೆ ಕೈಹಚ್ಚಿದರು. ಎರಡನೆಯ ಹಂತದಲ್ಲಿ ಹೋರಿ ಕಪ್ಪಾಗಿ, ದಪ್ಪನಾಗಿ, ಪುರಾಣದ ಪ್ರಾಣಿಯಂತೆ ನಿಲ್ಲುತ್ತದೆ. ಮೂರನೆಯದರಲ್ಲಿ ಕಲ್ಲನ್ನು ಹೆರೆದು, ಮಾಂಸಖಂಡಗಳ ಗುಂಟ ಗೆರೆ ಎಳೆದಿದ್ದಾರೆ; ಕಟುಕನೊಬ್ಬ ಎಲ್ಲಿ ಕತ್ತಿ ಹಾಕಬೇಕೆಂದು ಲೆಕ್ಕಹಾಕಿದಂತಿದೆ. ನನ್ನನ್ನು ಕೇಳಿದರೆ ಇಡೀ ಸರಣಿಯಲ್ಲಿ ಇದೇ ಶ್ರೇಷ್ಠ, ಯಾಕೆಂದರೆ ಇಲ್ಲಿ ಪ್ರಾಣಿಯೂ ಇದೆ, ಅದನ್ನು ಬಿಚ್ಚಿ ನೋಡುವ ಕಣ್ಣೂ ಇದೆ. ಮುಂದೆ ನೆರಳು ಹೋಯಿತು, ತೊಗಲು ಹೋಯಿತು, ತಲೆ ಕುಗ್ಗುತ್ತಾ ಬಂದಿತು. 1946ರ ಜನವರಿಯಲ್ಲಿ 11ನೆಯ ಹಂತಕ್ಕೆ ಬಂದಾಗ ಕೆಲವೇ ಗೆರೆಗಳು ಉಳಿದಿದ್ದವು. ಎಲ್ಲರೂ ಮುಗಿಸುವ ಕಡೆಯಿಂದ ಈ ಮನುಷ್ಯ ಶುರುಮಾಡಿ, ಶುರುಮಾಡುವ ಕಡೆ ಬಂದು ಮುಗಿಸಿದ ಎಂಬರ್ಥದಲ್ಲಿ ಅಲ್ಲಿನ ಹಿರಿಯ ಅಚ್ಚುಗಾರರೊಬ್ಬರು ಬೆರಗಾದರಂತೆ.

ಆದರೆ ಆ ಕೊನೆಯ ಹಂತದಲ್ಲಿ ಏನು ಉಳಿದಿದೆ ಎಂಬುದನ್ನು ಗಮನಿಸಿ. ಭಾರವಾದ ಹೆಗಲು, ಕೋಡು, ನಾಲ್ಕು ಕಾಲು, ಬಾಲ, ಮತ್ತು ಹೊಟ್ಟೆಯ ಕೆಳಗೆ ಒಂದು ಚಿಕ್ಕ ಗುರುತು. ನಮ್ಮ ಭಾಗದ ಯಾವ ರೈತನಿಗೆ ತೋರಿಸಿದರೂ ‘ಇದು ಎತ್ತಲ್ಲ, ಹೋರಿ’ ಎಂದು ತಡಮಾಡದೆ ಹೇಳುತ್ತಾನೆ, ಏಕೆಂದರೆ ಅಷ್ಟನ್ನು ಪಿಕಾಸೊ ಅಳಿಸಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮುದ್ದೆ ಮಣ್ಣನ್ನು ಎಳೆದು ಕಾಲು ಮಾಡಿ, ಬೆನ್ನ ಮೇಲೆ ಚಿವುಟಿ ಡುಬ್ಬ ಎಬ್ಬಿಸಿ, ಕೋಡು ತಿದ್ದಿ ಜಗಲಿಯ ಮೇಲಿಟ್ಟಾಗ, ಗೊರಸೆಲ್ಲಿ, ಮೂಗುದಾರವೆಲ್ಲಿ ಎಂದು ನಾವು ಯಾರೂ ಕೇಳುವುದಿಲ್ಲ, ಕೈಮುಗಿಯುತ್ತೇವೆ. ಅದೇ ನಾವು ಗ್ಯಾಲರಿಗೆ ಹೋದಾಗ ಮಾತ್ರ ‘ಇದೇನು, ನಮ್ಮ ಹುಡುಗನೂ ಬರೆಯುತ್ತಾನೆ’ ಎನ್ನುವುದು ನನಗೆ ಸೋಜಿಗವಾಗಿ ಕಾಣುತ್ತದೆ. ಹುಡುಗ ಕಡಿಮೆ ಗೆರೆ ಎಳೆಯಬಲ್ಲ, ನಿಜ. ಬೇಡವಾದ ಗೆರೆಯನ್ನು ಹತ್ತು ಹಂತಗಳಲ್ಲಿ ಒಂದೊಂದಾಗಿ ಕೈಬಿಡುವುದು ಬೇರೆ ಕೆಲಸ.

ಇನ್ನು ಅಸಲಿನ ಮಾತು. 11 ಹಂತಗಳಿಗೂ ಕಲ್ಲು ಒಂದೇ. ಎರಡನೆಯ ಹೋರಿ ಬಂದಾಗ ಮೊದಲನೆಯದು ಕಲ್ಲಿನಿಂದ ಹೋಯಿತು. ಅದು ಇಂದು ಇರುವುದು ಆಗ ತೆಗೆದ ಹಾಳೆಗಳಲ್ಲಿ ಮಾತ್ರ. ಹಾಗಿರುವಾಗ ಆ ಹಾಳೆಗಳನ್ನು ನಕಲು ಎನ್ನುವುದಾದರೆ, ಯಾವುದರ ನಕಲು ಎಂದು ಹೇಳಬೇಕಾಗುತ್ತದೆ. ತೋರಿಸಲು ಬೇರೇನೂ ಇಲ್ಲ.

ವಿಡಿಯೋ ಉದ್ದವಾಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. 7/50ರಲ್ಲಿ 50 ಎಂದರೆ ಒಟ್ಟು ಅಚ್ಚುಗಳು, 7 ಎಂದರೆ ಈ ಹಾಳೆಯ ಸಂಖ್ಯೆ, ಎ.ಪಿ. ಎಂದಿದ್ದರೆ ಕಲಾವಿದ ತನಗಾಗಿ ಇಟ್ಟುಕೊಂಡ ಆರ್ಟಿಸ್ಟ್ ಪ್ರೂಫ್. ಚಿಕ್ಕ ಸಂಖ್ಯೆ ಮೊದಲು ತೆಗೆದ ಅಚ್ಚೆಂದೇನೂ ಅಲ್ಲ, ಆದರೆ ತಾಮ್ರದ ತಗಡನ್ನು ಸೂಜಿಯಿಂದ ನೇರವಾಗಿ ಗೀರುವ ಡ್ರೈಪಾಯಿಂಟ್‌ನಲ್ಲಿ ಮೊದಲು ತೆಗೆದ ಅಚ್ಚಿಗೆ ಬೆಲೆಯಿದೆ, ಏಕೆಂದರೆ ಗೀರಿನ ಅಂಚಿಗೆ ಎದ್ದ ತಾಮ್ರದ ಸಿಬಿರು ಯಂತ್ರದ ಒತ್ತಡಕ್ಕೆ ಬೇಗ ಸವೆದು, ಗೆರೆಯ ಮಖಮಲ್ಲಿನಂಥ ಮೃದುತ್ವ ಹೋಗುತ್ತದೆ. ಮಸಿಯೇ ಇಲ್ಲದ ಅಚ್ಚುಗಳೂ ಇವೆ: 1970ರ ದಶಕದಲ್ಲಿ ಶಾಂತಿನಿಕೇತನದ ಕಲಾವಿದ ಸೋಮನಾಥ ಹೋರೆ ಕಾಗದದ ತಿರುಳನ್ನೇ ಅಚ್ಚಿಗೆ ಒತ್ತಿ, ಬಿಳಿಯ ಮೇಲೆ ಬಿಳಿಯಾಗಿ ಗಾಯಗಳನ್ನು ಮೂಡಿಸಿದರು. ಅವನ್ನು ಎದುರಿನಿಂದ ನೋಡಿದರೆ ಸಾಲದು, ಬೆಳಕು ಅಡ್ಡಲಾಗಿ ಬೀಳುವ ಕಡೆ ನಿಂತು ನೋಡಬೇಕು.

ಕೊಳ್ಳುವವರಿಗೆ ಒಂದು ಮಾತು. ಸಂಖ್ಯೆ, ಸಹಿ ಎರಡೂ ಇದ್ದ ಮಾತ್ರಕ್ಕೆ ನಂಬಬೇಡಿ. ಗಡಿಯಾರ ರಿಪೇರಿ ಮಾಡುವವರು ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿಯಿಂದ ನೋಡಿ. ಸಾಲಾಗಿ ಜೋಡಿಸಿದ ಸಣ್ಣ ಚುಕ್ಕೆಗಳು ಕಂಡರೆ ಅದು ಕ್ಯಾಲೆಂಡರಿನಂತೆ ಆಫ್‌ಸೆಟ್ ಯಂತ್ರದಲ್ಲಿ ತೆಗೆದ ಚಿತ್ರ. ಕಲ್ಲಚ್ಚಿನಲ್ಲಿ ಕಾಣಬೇಕಾದದ್ದು ಬಳಪ ಕಲ್ಲಿನ ಮೇಲೆ ಹಾದುಹೋದ ತರಿತರಿ.