ಪಾತ್ರಕ್ಕೊಂದು ಕೆಲಸ ಬೇಕು

ಎಲ್ಲರಿಗೂ ನಮಸ್ಕಾರ.

ಈಚೆಗೆ ನೋಡಿದ ಸಿನಿಮಾಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ತುಂಬಾ ಸಂತೋಷ. ನಾನು ಸಿನಿಮಾ ಓದಿದವನಲ್ಲ, ಮಾಡಿದವನೂ ಅಲ್ಲ. ಟಿಕೆಟ್ ತಗೊಂಡು ನೋಡುವವನು. ಥ್ರಿಲ್ಲರ್ ಇರಲಿ, ಪ್ರೇಮಕಥೆ ಇರಲಿ, ದೆವ್ವದ ಕಾಮಿಡಿ ಇರಲಿ, ಎಲ್ಲವನ್ನೂ ನೋಡುತ್ತೇನೆ. ಹಾಗಾಗಿ ಇವತ್ತು ಮಾತು ಒಂದು ಜಾತಿಯ ಸಿನಿಮಾಕ್ಕೆ ಸೀಮಿತವಾಗಿಲ್ಲ. ಎಲ್ಲವೂ ಕನ್ನಡದವೇ. ಕಳೆದ ಐದಾರು ವರ್ಷಗಳಲ್ಲಿ ಬಂದವು. ಕೆಲವನ್ನು ಈಗ ಮೊದಲ ಸಲ ನೋಡಿದೆ, ಕೆಲವನ್ನು ಈ ಮಾತಿಗೋಸ್ಕರ ಮತ್ತೊಮ್ಮೆ ನೋಡಿದೆ.

ನೋಡುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದಿದೆ. ಈ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ? ಆ ಕೆಲಸ ತೆರೆಯ ಮೇಲೆ ಕಾಣುತ್ತದೆಯೇ? ನಮ್ಮ ಎಷ್ಟೋ ಸಿನಿಮಾಗಳಲ್ಲಿ ನಾಯಕನಿಗೆ ಕೆಲಸವೇ ಇರುವುದಿಲ್ಲ. ಇದ್ದರೂ ಮೊದಲ ಹಾಡು ಮುಗಿಯುವ ಹೊತ್ತಿಗೆ ಅದು ಮರೆತುಹೋಗಿರುತ್ತದೆ. ಬೈಕ್ ಇದೆ, ಬಟ್ಟೆ ಇದೆ, ದಿನವಿಡೀ ಪುರುಸೊತ್ತಿದೆ. ದುಡ್ಡು ಎಲ್ಲಿಂದ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ನನಗೆ ಹಿಡಿಸಿದ ಸಿನಿಮಾಗಳಲ್ಲೆಲ್ಲ ಪಾತ್ರಕ್ಕೊಂದು ಕೆಲಸವಿದೆ. ಕಥೆ ಹುಟ್ಟುವುದೂ ಆ ಕೆಲಸದಿಂದಲೇ.

ಮೊದಲು ‘ಶಾಖಾಹಾರಿ’. ಸಂದೀಪ್ ಸುಂಕದ ನಿರ್ದೇಶನ, 2024ರ ಫೆಬ್ರವರಿಯಲ್ಲಿ ಬಂತು. ಮಲೆನಾಡಿನ ಒಂದು ಊರು. ಅಲ್ಲೊಂದು ಸಸ್ಯಾಹಾರಿ ಹೋಟೆಲ್. ಅಡುಗೆ ಮಾಡುವವನು ಸುಬ್ಬಣ್ಣ, ಅಂದರೆ ರಂಗಾಯಣ ರಘು. ಪೊಲೀಸರಿಂದ ತಪ್ಪಿಸಿಕೊಂಡ ಗಾಯಾಳು ಒಬ್ಬ ಅಲ್ಲಿಗೆ ಬಂದು ಆಸರೆ ಕೇಳುತ್ತಾನೆ. ಮುಂದಿನದನ್ನು ಹೇಳಿದರೆ ನೋಡದವರಿಗೆ ಅನ್ಯಾಯ ಮಾಡಿದ ಹಾಗೆ. ಇಷ್ಟು ಮಾತ್ರ ಹೇಳಬಹುದು: ಸಿನಿಮಾದ ಭಯ ಹುಟ್ಟುವುದು ಆ ಅಡುಗೆಮನೆಯಲ್ಲಿ. ತರಕಾರಿ ಹೆಚ್ಚುವ ಚಾಕು, ಒಲೆ, ದೊಡ್ಡ ಪಾತ್ರೆ, ಎಲ್ಲವೂ ಮೊದಲಿನಿಂದ ಕಣ್ಣೆದುರಿಗೇ ಇವೆ. ಮೊದಲು ನಮಗೆ ಹಸಿವು ಹುಟ್ಟಿಸಿದ ವಸ್ತುಗಳೇ ಆಮೇಲೆ ಎದೆ ನಡುಗಿಸುತ್ತವೆ.

ರಂಗಾಯಣ ರಘು ಅವರನ್ನು ನಮ್ಮ ಚಿತ್ರರಂಗ ಬಹಳ ವರ್ಷ ಗಟ್ಟಿ ದನಿಯ ಹಾಸ್ಯಕ್ಕೇ ಜಾಸ್ತಿ ಬಳಸಿತು. ಇಲ್ಲಿ ಅವರು ಮಾತನ್ನು ಅರ್ಧಕ್ಕೆ ನುಂಗಿಕೊಳ್ಳುತ್ತಾರೆ. ಮುಖಕ್ಕಿಂತ ಅವರ ಕೈ ನೋಡಿ. ನಮ್ಮ ಚಿಕ್ಕಪ್ಪ ಬಹಳ ಕಾಲ ಹೋಟೆಲ್ ನಡೆಸಿದವರು. ಈ ಸಿನಿಮಾ ನೋಡುತ್ತಾ ಅವರು ಕಥೆಯ ಬಗ್ಗೆ ಏನೂ ಹೇಳಲಿಲ್ಲ. ‘ಈತ ಅಡುಗೆ ಮಾಡಿದವನ ಹಾಗೇ ನಿಂತಿದ್ದಾನೆ ನೋಡು’ ಅಂದರು. ಅಡುಗೆಭಟ್ಟರ ನಿಲುವೇ ಬೇರೆ. ಬೆಳಗಿನ ಜಾವದಿಂದ ಒಲೆ ಮುಂದೆ ನಿಂತವರು ಒಂದು ಕಾಲಿನ ಮೇಲೆ ಭಾರ ಬಿಡುತ್ತಾರೆ. ಕಾವಲಿಗೆ ನೀರು ಚಿಮುಕಿಸಿ, ಕಡ್ಡಿಪೊರಕೆಯಲ್ಲಿ ಎಳೆದು, ಹಿಟ್ಟು ಹುಯ್ಯುವಾಗ ಕಣ್ಣು ಗಿರಾಕಿಯ ಮೇಲಿರುತ್ತದೆ, ಕೈ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಕೈಗೆ ಅಷ್ಟು ರೂಢಿಯಿರುವ ಮನುಷ್ಯ ಸಂಕಟಕ್ಕೆ ಸಿಕ್ಕಾಗ ತನಗೆ ಗೊತ್ತಿರುವ ಕೆಲಸದ ಮೂಲಕವೇ ದಾರಿ ಹುಡುಕುತ್ತಾನೆ. ಸುಬ್ಬಣ್ಣನನ್ನು ಒಬ್ಬ ಗುಮಾಸ್ತನನ್ನಾಗಿ ಮಾಡಿ ನೋಡಿ, ಈ ಕಥೆ ನಡೆಯುವುದೇ ಇಲ್ಲ.

ಇದೇ ಸಿನಿಮಾದಲ್ಲಿ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ ಇದ್ದಾರೆ. ಅವರೇ 2021ರ ‘ಗರುಡ ಗಮನ ವೃಷಭ ವಾಹನ’ದಲ್ಲೂ ಪೊಲೀಸ್, ಬ್ರಹ್ಮಯ್ಯ. ಎರಡನ್ನೂ ಒಂದೇ ವಾರದಲ್ಲಿ ನೋಡಿ. ಎರಡರಲ್ಲೂ ಖಾಕಿ ಹಾಕಿದವನು ಒಬ್ಬ ನೌಕರ. ಮೇಲಿನವರ ಫೋನ್ ಬಂದರೆ ಎದ್ದು ನಿಲ್ಲಬೇಕು, ಊರಿನ ರಾಜಕೀಯದವರನ್ನು ಸಂಭಾಳಿಸಬೇಕು, ಮನೆಯ ಚಿಂತೆಯನ್ನು ಸ್ಟೇಷನ್‌ಗೆ ತರುವ ಹಾಗಿಲ್ಲ. ಬ್ರಹ್ಮಯ್ಯನ ಭಯ ನೋಡಿ ನನಗೆ ಬಹಳ ಮರುಕ ಹುಟ್ಟಿತು. ಮಂಗಳೂರಿನ ಆ ರೌಡಿಗಳ ಲೋಕದಲ್ಲಿ ಕೆಲಸದ ಹೆಸರಿನಲ್ಲಿ ಸಿಕ್ಕಿಕೊಂಡವನು ಅವನು.

‘ಗರುಡ ಗಮನ’ದ ಬಗ್ಗೆ ಮಾತಾಡುವವರೆಲ್ಲ ಮಳೆಯಲ್ಲಿ ಶಿವ, ಅಂದರೆ ರಾಜ್ ಬಿ. ಶೆಟ್ಟಿಯವರ ರೌಡಿ ಪಾತ್ರ, ಹುಲಿ ಕುಣಿತ ಕುಣಿಯುವ ದೃಶ್ಯಕ್ಕೆ ಬರುತ್ತಾರೆ. ನಾನೂ ಬರುತ್ತೇನೆ. ಕೊಲೆ ಮುಗಿಸಿ ಬಂದವನು ಕುಣಿಯುತ್ತಾನೆ. ಹಿನ್ನೆಲೆಯಲ್ಲಿ ಮಾದಪ್ಪನ ಹಾಡು, ಚೈತ್ರಾ ಆಚಾರ್ ದನಿ. ಕರಾವಳಿಯಲ್ಲಿ ದಸರಾ ಬಂತೆಂದರೆ ಪಿಲಿವೇಷ, ಅಂದರೆ ಹುಲಿವೇಷ. ತಾಸೆ ಅನ್ನುವ ಚರ್ಮವಾದ್ಯದ ಪೆಟ್ಟಿಗೆ ಹೆಜ್ಜೆ ಬೀಳಲೇಬೇಕು. ಆದರೆ ಇಲ್ಲಿ ತಾಸೆಯೂ ಇಲ್ಲ, ಬಣ್ಣವೂ ಇಲ್ಲ, ಹಾಡು ಕರಾವಳಿಯದ್ದೂ ಅಲ್ಲ. ಮಲೆ ಮಹದೇಶ್ವರನ ಸೀಮೆಯ ಹಾಡಿಗೆ ಮಂಗಳೂರಿನ ಹೆಜ್ಜೆ. ಕಾಗದದ ಮೇಲೆ ಬರೆದರೆ ಇದು ಕೂಡುವುದೇ ಇಲ್ಲ. ತೆರೆಯ ಮೇಲೆ ಮೈ ಜುಮ್ಮೆನ್ನುತ್ತದೆ. ರಾಜ್ ಬಿ. ಶೆಟ್ಟಿ ಕುಣಿಯುವುದು ನಮ್ಮನ್ನು ಮೆಚ್ಚಿಸಲಿಕ್ಕಲ್ಲ ಅಂತ ಗೊತ್ತಾಗುತ್ತದೆ, ಅದಕ್ಕೇ ಇರಬೇಕು.

ಪೊಲೀಸ್ ಅಂದ ಮೇಲೆ ‘ಮ್ಯಾಕ್ಸ್’ ಬಿಡುವ ಹಾಗಿಲ್ಲ. 2024ರ ಕ್ರಿಸ್‌ಮಸ್ ದಿನ ಬಂದ ಸುದೀಪ್ ಸಿನಿಮಾ. ಪಕ್ಕಾ ಮಾಸ್. ಆದರೆ ಕಥೆ ಒಂದು ರಾತ್ರಿಯದು, ಹೆಚ್ಚಿನ ಪಾಲು ಒಂದು ಸ್ಟೇಷನ್‌ನದು. ಮಂತ್ರಿಗಳ ಮಕ್ಕಳು ಲಾಕಪ್‌ನಲ್ಲಿ ಸತ್ತಿದ್ದಾರೆ, ಬೆಳಗಾಗುವವರೆಗೆ ಅದು ಹೊರಗೆ ಗೊತ್ತಾಗಬಾರದು. ಹೊಡೆದಾಟ ಬೇಕಾದಷ್ಟಿದೆ. ನನಗೆ ಇಷ್ಟವಾಗಿದ್ದು ಉಳಿದ ಸಿಬ್ಬಂದಿ. ಗಾಬರಿ ಬಿದ್ದು, ಬೆವರಿ, ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತವರು ಅವರು. ಸುದೀಪ್ ಒಬ್ಬರೇ ಎಲ್ಲವನ್ನೂ ಮಾಡಿಬಿಡಬಹುದಿತ್ತು, ಅಭಿಮಾನಿಗಳು ಬೇಡ ಅನ್ನುತ್ತಿರಲಿಲ್ಲ. ಆ ಸಿಬ್ಬಂದಿಯ ಜೀವಭಯ ಇರುವುದರಿಂದಲೇ ಹೀರೋ ಬಂದಾಗ ಶಿಳ್ಳೆ ಹೊಡೆಯಬೇಕು ಅನಿಸುತ್ತದೆ. ದೊಡ್ಡ ನಟರ ಸಿನಿಮಾಗಳು ಇಷ್ಟನ್ನು ನೆನಪಿಟ್ಟುಕೊಂಡರೂ ಸಾಕು.

ಇನ್ನು ಪ್ರೇಮಕಥೆ. ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗವಾಗಿ ಬಂತು. ಸೈಡ್ ಎ ಸೆಪ್ಟೆಂಬರ್‌ನಲ್ಲಿ, ಸೈಡ್ ಬಿ ನವೆಂಬರ್‌ನಲ್ಲಿ. ಮನು ಶ್ರೀಮಂತರ ಮನೆಯ ಡ್ರೈವರ್. ಪ್ರಿಯಾ ಹಾಡುವ ಹುಡುಗಿ. ಧಣಿಯ ಮಗ ಮಾಡಿದ ಅಪಘಾತವನ್ನು ದುಡ್ಡಿಗಾಗಿ ಮನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಜೈಲು ಸೇರುತ್ತಾನೆ. ಎಲ್ಲರೂ ಇವರ ಪ್ರೀತಿಯ ಬಗ್ಗೆ ಬರೆದರು. ನಾನು ಡ್ರೈವರ್ ಕೆಲಸದ ಬಗ್ಗೆ ಹೇಳುತ್ತೇನೆ. ಮನೆ ಡ್ರೈವರ್‌ಗೆ ಓಡಿಸುವುದಕ್ಕಿಂತ ಕಾಯುವುದೇ ಜಾಸ್ತಿ. ಮದುವೆ ಮನೆಯ ಹೊರಗೆ, ಆಸ್ಪತ್ರೆಯ ಹೊರಗೆ, ಕ್ಲಬ್ಬಿನ ಹೊರಗೆ ಕಾಯಬೇಕು. ಕಾರಿನೊಳಗೆ ಆಡಿದ ಮಾತೆಲ್ಲ ಕಿವಿಗೆ ಬೀಳುತ್ತದೆ, ಬಿದ್ದೇ ಇಲ್ಲ ಅನ್ನುವ ಹಾಗೆ ಇರಬೇಕು. ಮನೆಯವನ ಹಾಗೇ ಇರು, ಆದರೆ ಮನೆಯವನಲ್ಲ. ಇಂಥವನನ್ನೇ ಧಣಿಗಳು ‘ನೀನು ನಮ್ಮವನಲ್ವಾ’ ಅಂತ ಕೇಳುವುದು. ಮನು ಒಪ್ಪಿಕೊಂಡದ್ದು ಪೆದ್ದುತನ ಅಂತ ಬಹಳ ಜನ ಸಿಟ್ಟಾದರು. ನನಗೆ ಹಾಗನಿಸಲಿಲ್ಲ. ಸ್ವಂತ ಮನೆಯ ಆಸೆ ಹೊತ್ತ, ಸಂಬಳಕ್ಕೆ ಕಾಯುವ ಹುಡುಗನಿಗೆ ಧಣಿಯ ಮಾತಿನ ಮೇಲೆ ನಂಬಿಕೆ ಇಡುವುದೂ ಕೆಲಸದ ಒಂದು ಭಾಗ.

ಸೈಡ್ ಎ ನನಗೆ ಈ ದಶಕದ ದೊಡ್ಡ ಸಿನಿಮಾಗಳಲ್ಲಿ ಒಂದು. ರುಕ್ಮಿಣಿ ವಸಂತ್ ಅವರ ಪ್ರಿಯಾ ವಕೀಲರ ಹಿಂದೆ, ಜೈಲಿನ ಬಾಗಿಲಿಗೆ ಅಲೆದಾಡಿ ಸವೆಯುವುದನ್ನು ಕಣ್ಣಾರೆ ನೋಡುತ್ತೇವೆ. ಅವಳು ಅವನಿಗಾಗಿ ತುಂಬಿ ಕೊಡುವ ಕ್ಯಾಸೆಟ್‌ನ ದನಿ, ಚರಣ್ ರಾಜ್ ಸಂಗೀತ, ಆ ನೀಲಿ ಬಣ್ಣ, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿವೆ. ಸೈಡ್ ಬಿ ಬಗ್ಗೆ ನನಗೆ ತಕರಾರಿದೆ. ಜೈಲಿನಿಂದ ಬಂದ ಮನು ಈಗ ಬೇರೆಯವನ ಹೆಂಡತಿಯಾದ ಪ್ರಿಯಾಳನ್ನು ಗುಟ್ಟಾಗಿ ಹಿಂಬಾಲಿಸುತ್ತಾನೆ. ಸಿನಿಮಾ ಅದನ್ನು ಮರುಕದಿಂದ ನೋಡುತ್ತದೆ. ಅವಳ ಕಡೆಯಿಂದ ಒಮ್ಮೆ ನೋಡಬೇಕಿತ್ತು. ಗೊತ್ತಿಲ್ಲದ ಹಾಗೆ ಒಬ್ಬ ನಿಮ್ಮ ಸಂಸಾರದ ಸುತ್ತ ಓಡಾಡುತ್ತಿದ್ದಾನೆ ಅಂದರೆ ಅದು ಹೆದರಿಕೆಯ ವಿಷಯ, ಅಲ್ವಾ? ಆ ಭಾಗದಲ್ಲಿ ನನಗೆ ಪೂರ್ತಿ ಮನುಷ್ಯಳಾಗಿ ಕಂಡದ್ದು ಚೈತ್ರಾ ಆಚಾರ್ ಅವರ ಸುರಭಿ. ಮಾದಪ್ಪನ ಹಾಡಿನ ಅದೇ ಚೈತ್ರಾ.

ನಗುವಿಗೆ ಬರೋಣ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ನೀವೆಲ್ಲ ನೋಡಿರುತ್ತೀರಿ. ದೊಡ್ಡ ನಟರಿಲ್ಲ, ಆದರೂ ನೂರು ಕೋಟಿ ದಾಟಿದ ಸಿನಿಮಾ. ಜೆ.ಪಿ. ತುಮಿನಾಡ್ ತಾವೇ ಬರೆದು, ನಿರ್ದೇಶಿಸಿ, ಅಶೋಕನಾಗಿ ನಟಿಸಿದ್ದಾರೆ. ಮಾನ ಉಳಿಸಿಕೊಳ್ಳಲು ಒಬ್ಬ ಹುಡುಗ ಮೈಮೇಲೆ ಬಂದವನ ಹಾಗೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರು ತೀರ್ಮಾನಿಸುತ್ತದೆ. ಇಲ್ಲಿ ಊರೇ ಪಾತ್ರ. ಒಬ್ಬರ ಮನೆಯಲ್ಲಿ ತೊಂದರೆ ಅಂದರೆ ಹತ್ತು ಜನ ಅಂಗಳದಲ್ಲಿ ಹಾಜರ್. ಎಲ್ಲರಿಗೂ ಒಂದೊಂದು ಸಲಹೆ, ಯಾರಿಗೂ ಏನೂ ಗೊತ್ತಿಲ್ಲ. ರವಿಯಣ್ಣನನ್ನು ಕೇಳದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ರಾಜ್ ಬಿ. ಶೆಟ್ಟಿಯವರ ಗುರೂಜಿಗೆ ದೆವ್ವ ಬಿಡಿಸುವುದು ಜೀವನೋಪಾಯ. ಸುಲೋಚನಾಳ ಮಗಳು ಭಾನು ಬಂದ ಮೇಲೆ ನಗುವಿನ ಬಣ್ಣ ಬದಲಾಗುತ್ತದೆ. ಕೊನೆಯ ಭಾಗ ಸ್ವಲ್ಪ ಅವಸರದ್ದು. ಆದರೆ ಥಿಯೇಟರ್ ತುಂಬ ಜನ ಒಟ್ಟಿಗೆ ನಕ್ಕು ನಕ್ಕು ಸುಸ್ತಾಗುವುದನ್ನು ನಾನು ಬಹಳ ವರ್ಷಗಳ ನಂತರ ನೋಡಿದೆ. ಅದಕ್ಕೆ ಕೈಮುಗಿಯುತ್ತೇನೆ.

2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಮಾತ್ರ ನನ್ನ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಯಾರಿಗೂ ಕೆಲಸವಿಲ್ಲ, ಪರೀಕ್ಷೆಗೂ ಓದುವುದಿಲ್ಲ. ಒಂದೇ ರಾತ್ರಿಯ ಗದ್ದಲ, ಒಂದು ಕ್ಷಣ ಕೂರದ ಕ್ಯಾಮೆರಾ. ಮೊದಲರ್ಧ ನೋಡಿ ಕುಣಿದಾಡುವಷ್ಟು ಖುಷಿಯಾಯಿತು. ಎರಡನೆಯ ಅರ್ಧಕ್ಕೆ ತಲೆನೋವು ಬಂತು.

ಸಿಂಧು ಶ್ರೀನಿವಾಸಮೂರ್ತಿ ನಿರ್ದೇಶಿಸಿ ನಟಿಸಿದ ‘ಆಚಾರ್ ಅಂಡ್ ಕೋ’ ಅದೇ ವರ್ಷದ್ದು. ಹಳೆಯ ಜಯನಗರ, ಮನೆ ತುಂಬ ಮಕ್ಕಳು. ಲಂಡನ್‌ಗೆ ಹೋಗಬೇಕು ಅಂತ ಕನಸು ಕಂಡ ಸುಮಾ ಕೊನೆಗೆ ಉಪ್ಪಿನಕಾಯಿಯಿಂದ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಮನೆ, ಸೀರೆ, ಜಡೆ ಎಲ್ಲ ಆ ಕಾಲದ್ದೇ. ಆದರೆ ವ್ಯಾಪಾರಕ್ಕೆ ಬರುವುದು ತಡವಾಯಿತು. ನನಗೆ ಉಪ್ಪಿನಕಾಯಿ ಇನ್ನಷ್ಟು ಬೇಕಿತ್ತು. ಮೊದಲ ಭರಣಿಗೆ ಎಷ್ಟು ಬೆಲೆ ಇಟ್ಟಳು? ಯಾರು ಚೌಕಾಸಿ ಮಾಡಿದರು? ಹೆಣ್ಣುಮಕ್ಕಳು ದುಡಿದದ್ದನ್ನು ನಮ್ಮ ಸಿನಿಮಾ ಇಷ್ಟು ಪ್ರೀತಿಯಿಂದ ತೋರಿಸುವುದೇ ಅಪರೂಪ, ಅದಕ್ಕೇ ಆಸೆ ಜಾಸ್ತಿ.

ಆ ಆಸೆ ತೀರಿಸಿದ್ದು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’. ಪೂರ್ತಿ ಹೆಸರು ‘ಶಿವಮ್ಮ ಯರೇಹಂಚಿನಾಳ’. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಊರು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಸಿನಿಮಾ ನಮ್ಮ ಥಿಯೇಟರ್‌ಗೆ ಬಂದದ್ದು 2024ರ ಜೂನ್‌ನಲ್ಲಿ. ಶಿವಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಗಂಡ ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆ ಆಗಬೇಕು. ಅವಳು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಸೇರಿ ಶಕ್ತಿ ಕೊಡುವ ಪಾನೀಯ ಮಾರಲು ಹೊರಡುತ್ತಾಳೆ.

ಈ ವ್ಯಾಪಾರ ನಮ್ಮ ಊರುಗಳಲ್ಲಿ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತು. ಮೊದಲು ನೀವೇ ದುಡ್ಡು ಕಟ್ಟಿ ಮಾಲು ತಗೋಬೇಕು. ಆಮೇಲೆ ನಿಮ್ಮ ಕೆಳಗೆ ಜನರನ್ನು ಸೇರಿಸಬೇಕು. ಆ ಜನ ಎಲ್ಲಿಂದ ಬರಬೇಕು? ಅಕ್ಕ, ತಂಗಿ, ಬೀಗರು, ಪಕ್ಕದ ಮನೆಯವರು. ಅಂದರೆ ಮಾರಾಟಕ್ಕಿರುವುದು ನಿಜವಾಗಿ ನಿಮ್ಮ ಸಂಬಂಧಗಳು. ಸಿನಿಮಾ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ಶಿವಮ್ಮ ಚೀಲ ಹಿಡಿದು ನಡೆಯುತ್ತಾಳೆ, ಬಾಗಿಲು ಬಡಿಯುತ್ತಾಳೆ, ಅಷ್ಟೇ. ಅವಳನ್ನು ಮೋಸ ಹೋದ ಪಾಪದ ಹೆಂಗಸು ಅಂತ ಚಿತ್ರಿಸಿದ್ದರೆ ನಾನು ಅತ್ತು ಎದ್ದು ಬರುತ್ತಿದ್ದೆ. ಅವಳು ಹಟಮಾರಿ. ಜೋರು ಬಾಯಿ. ಸುಳ್ಳೂ ಹೇಳುತ್ತಾಳೆ. ಈ ಪಾನೀಯ ಗಂಡನನ್ನು ಎಬ್ಬಿಸಿ ಕೂರಿಸುತ್ತದೆ ಅಂತ ಮನಸಾರೆ ನಂಬಿದ್ದಾಳೆ. ಶರಣಮ್ಮ ಚಟ್ಟಿ ವೃತ್ತಿಯಿಂದ ನಟಿಯಲ್ಲ, ಜೊತೆಗಿರುವವರೂ ಅಲ್ಲ. ಅವರ ಬಾಯಲ್ಲಿ ಆ ಸೀಮೆಯ ಕನ್ನಡ ಕೇಳುವುದೇ ಒಂದು ಸುಖ. ಬೆಂಗಳೂರಿನ ಕನ್ನಡಕ್ಕೆ ನಾಲ್ಕು ‘ರೀ’ ಅಂಟಿಸಿ ಉತ್ತರ ಕರ್ನಾಟಕ ಅನ್ನುವ ಸಿನಿಮಾಗಳನ್ನು ಇಷ್ಟು ವರ್ಷ ಸಹಿಸಿದ್ದೇವಲ್ಲ ಅಂತ ಸಿಟ್ಟು ಬರುತ್ತದೆ.

ಅದೇ ಸೀಮೆಯ ಇನ್ನೊಂದು, ಉತ್ಸವ್ ಗೋನವಾರ ಅವರ ‘ಫೋಟೋ’. ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಹುಡುಗ ಅಪ್ಪನ ಹತ್ತಿರ ಬರುತ್ತಾನೆ, ಲಾಕ್‌ಡೌನ್ ಆಗುತ್ತದೆ, ಇಬ್ಬರೂ ಊರಿನ ಕಡೆ ನಡೆಯುತ್ತಾರೆ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ರಸ್ತೆಗಳಲ್ಲಿ ನಡೆದವರನ್ನು ನಾವೆಲ್ಲ ಟಿವಿಯಲ್ಲಿ ನೋಡಿ ಮರೆತೆವು. ಈ ಸಿನಿಮಾ ಮರೆಯಲು ಬಿಡುವುದಿಲ್ಲ. ಇದನ್ನು ನಾನು ನೋಡಿದ್ದು ಬೆಳಗಿನ ಶೋನಲ್ಲಿ. ಆ ಮಲ್ಟಿಪ್ಲೆಕ್ಸ್‌ನಲ್ಲಿ ಇದಕ್ಕೆ ಕೊಟ್ಟಿದ್ದು ಅದೊಂದೇ ಶೋ, ಅದೂ ಕೆಲಸದ ದಿನ. ಕೂಲಿಗೆ ಹೋಗುವವರು ಆ ಹೊತ್ತಿಗೆ ಬರಲು ಸಾಧ್ಯವೇ? ಸಂಜೆ ಹೊತ್ತಿಗೆ ಒಂದು ಶೋ ಕೊಟ್ಟು, ಎರಡು ವಾರ ಬಿಟ್ಟು ನೋಡಿ, ಆಮೇಲೆ ಜನ ಬರುವುದಿಲ್ಲ ಅನ್ನಲಿ.

‘ಶಿವಮ್ಮ’, ‘ಫೋಟೋ’ ಇಂಥವನ್ನು ದೊಡ್ಡ ತೆರೆಯ ಮೇಲೆ ತೋರಿಸುವ ಕೆಲಸ ನಮ್ಮಂಥ ಚಿತ್ರಸಂಘಗಳು ಮಾಡಬಹುದು. ಒಂದು ಸಭಾಂಗಣ, ಒಂದು ಪ್ರೊಜೆಕ್ಟರ್, ನಿರ್ಮಾಪಕರ ಒಪ್ಪಿಗೆ ಇದ್ದರೆ ಸಾಕು. ಸಾಧ್ಯವಾದರೆ ಬಿಸಿಯೂಟದ ಅಡುಗೆಯವರನ್ನು ಮೊದಲ ಸಾಲಿಗೆ ಕರೆಯಿರಿ. ಅವರು ಏನನ್ನುತ್ತಾರೆ ಅಂತ ಕೇಳುವ ಆಸೆ ನನಗೆ ಬಹಳ ಇದೆ. ಮುಂದಿನ ತಿಂಗಳ ಪ್ರದರ್ಶನಕ್ಕೆ ‘ಶಿವಮ್ಮ’ ಇಡೋಣ ಅಂತ ನನ್ನ ಸಲಹೆ. ಅದರ ಬಗ್ಗೆ ಈಗಲೇ ಮಾತಾಡೋಣ. ಸೈಡ್ ಬಿ ವಿಷಯದಲ್ಲಿ ಜಗಳ ಆಡಬೇಕು ಅಂತ ಹಿಂದಿನ ಸಾಲಿನಲ್ಲಿ ಆಗಲೇ ಇಬ್ಬರು ಕೈ ಎತ್ತಿದ್ದಾರೆ, ಅವರಿಗೆ ಮೈಕ್ ಕೊಡಿ.