ಚೂರು ಬಟ್ಟೆಯಲ್ಲಿ ಹುಂಜ, ಎಮ್ಮೆ, ದಾಸವಾಳ: ನಮ್ಮ ತರಗತಿಯ ಕ್ವಿಲ್ಟ್‌ಗಳು ಗೋಡೆಗೇರಿದವು

ಗೋಡೆಯ ಮೇಲಿನ ಈ ಹುಂಜವನ್ನು ಹತ್ತಿರದಿಂದ ನೋಡಿ. 24 ಇಂಚಿನ ಚೌಕದ ಕ್ವಿಲ್ಟ್, ಅಂದರೆ ಪದರ ಸೇರಿಸಿ ಹೊಲಿದ ಕೌದಿಯಂಥದು. ಬಾಲದ ಒಂದೊಂದು ಗರಿಯೂ ರವಿಕೆ ಖಣದ ಮಾವಿನಕಾಯಿ ಬುಟ್ಟಾ. ಬುಟ್ಟಾದ ಬಾಗಿನ ಗುಂಟ ಕತ್ತರಿ ಆಡಿಸಿದ್ದಾರೆ, ಗರಿಯ ಬಾಗು ತಾನಾಗಿ ಬಂದಿದೆ. ಬಟ್ಟೆ ಕೊಲಾಜಿನ, ಅಂದರೆ ಚೂರುಗಳನ್ನು ಜೋಡಿಸಿ ಚಿತ್ರ ಮಾಡುವುದರ, ಸೊಗಸೇ ಇದು. ಹೂವಿನ ಅಚ್ಚಿನ ಸುತ್ತ ಚೌಕವಾಗಿ ಕತ್ತರಿಸಿದರೆ ತೇಪೆ ಹಾಕಿದಂತೆ ಕಾಣುತ್ತದೆ.

ಪಕ್ಕದಲ್ಲಿ ಎಮ್ಮೆ. ಇದರಲ್ಲಿ ಕಪ್ಪು ಬಟ್ಟೆ ಒಂದು ಚೂರೂ ಇಲ್ಲ! ನೇರಳೆ, ಕಡುನೀಲಿ, ಇಟ್ಟಿಗೆ ಕೆಂಪು, ಪಾಚಿ ಹಸಿರು. ಆದರೂ ಎಮ್ಮೆಯೇ. ಹೊಟ್ಟೆಯ ಕೆಳಗೆ ಕಡುಬಣ್ಣ, ಬೆನ್ನ ಮೇಲೆ ತಿಳಿಬಣ್ಣ ಸರಿಯಾಗಿ ಕೂತಿರುವುದೇ ಕಾರಣ. ಅದಕ್ಕೇ ಮೊದಲ ದಿನ ಕತ್ತರಿ ಮುಟ್ಟಿಸುವುದಿಲ್ಲ. ತಂದ ಬಟ್ಟೆಯನ್ನೆಲ್ಲ ತಿಳಿಯಿಂದ ಕಡುವಿನವರೆಗೆ ಐದು ಗುಡ್ಡೆ ಮಾಡಿಸುತ್ತೇವೆ. ಅನುಮಾನ ಬಂದರೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಕಣ್ಣಿಗೆ ಬೇರೆಬೇರೆಯಾಗಿ ಕಂಡ ಕೆಂಪು, ಹಸಿರು ಅಲ್ಲಿ ಒಂದೇ ಬೂದುಬಣ್ಣವಾಗಿ ಕಾಣಬಹುದು. ಹಾಗಾದರೆ ಅವು ಅಕ್ಕಪಕ್ಕ ಇದ್ದಾಗ ಆಕಾರ ಕರಗಿಹೋಗುತ್ತದೆ.

ಬಟ್ಟೆ ಒತ್ತಾದ ನೇಯ್ಗೆಯ ಹತ್ತಿಯದಾಗಿರಲಿ. ಅಜ್ರಖ್, ಕಲಂಕಾರಿಯಂಥ ಅಚ್ಚಿನ ಬಟ್ಟೆ ಇದ್ದರೆ ಬಣ್ಣ ಬಿಡಬಹುದು, ನೀರು ತಿಳಿಯಾಗುವವರೆಗೆ ಒಗೆಯಿರಿ. ಗುಳೇದಗುಡ್ಡ ಖಣ ನೋಡಲು ಚೆಂದ, ಕತ್ತರಿಸಿದೊಡನೆ ಎಳೆ ಬಿಡುತ್ತದೆ. ಆದ್ದರಿಂದ ಹಿಂಬದಿಗೆ ಫ್ಯೂಸಿಬಲ್ ವೆಬ್ (ಬಿಸಿಗೆ ಕರಗಿ ಹಿಡಿಯುವ ಅಂಟಿನ ಹಾಳೆ) ಇಟ್ಟು ಇಸ್ತ್ರಿ ಮಾಡಿ, ಆರಿದ ಮೇಲೆಯೇ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಅಂಚು ಕಡಿಮೆ ಎಳೆ ಬಿಡುತ್ತದೆ.

ದೊಡ್ಡದು ಮಾಡಿದ ಚಿತ್ರವನ್ನು ಇಸ್ತ್ರಿ ಮೇಜಿಗೆ ಅಂಟಿಸಿ, ಮೇಲೆ ಬೇಕಿಂಗ್ ಪೇಪರ್ ಹಾಸಿ; ಗೆರೆ ಅದರೊಳಗಿಂದ ಕಾಣುತ್ತದೆ. ಕಣ್ಣಿನಿಂದ ಶುರು ಮಾಡಿ. ಪ್ರತಿ ತುಂಡೂ ಪಕ್ಕದ್ದರ ಮೇಲೆ ಕಾಲು ಇಂಚು ಹತ್ತಿರಲಿ. ಸಂದು ಬಿಟ್ಟರೆ ಆಮೇಲೆ ಹಿನ್ನೆಲೆಯ ಬಟ್ಟೆ ಅಲ್ಲಿ ಇಣುಕುತ್ತದೆ. ಮೊದಲು ತುದಿಯಲ್ಲಷ್ಟೇ ಇಸ್ತ್ರಿ ತಾಗಿಸಿ, ಹತ್ತು ಅಡಿ ಹಿಂದೆ ಸರಿದು ನೋಡಿ, ಒಪ್ಪಿದ ಮೇಲೆ ಪೂರ್ತಿ ಒತ್ತಿ. ಇಸ್ತ್ರಿಯನ್ನು ಎಳೆಯಬೇಡಿ, ತುಂಡುಗಳು ಜರುಗುತ್ತವೆ. ತಣ್ಣಗಾದ ಮೇಲೆ ಇಡೀ ಹುಂಜ ಕಾಗದದಿಂದ ಒಂದೇ ಹಾಳೆಯಾಗಿ ಎದ್ದು ಬರುತ್ತದೆ, ಹಿನ್ನೆಲೆಯ ಬಟ್ಟೆಯ ಮೇಲೆ ಕೂರಿಸಲು ಸಿದ್ಧ. ಆ ಗಳಿಗೆಗೆ ಇಡೀ ತರಗತಿ ಮೇಜಿನ ಸುತ್ತ ಸೇರುತ್ತದೆ.

ಈ ದಾಸವಾಳದಲ್ಲಿ ಒಂದು ಪಾಠವಿದೆ. ಮೊದಲು ಹಿನ್ನೆಲೆಗೆ ಇಟ್ಟಿದ್ದು ದೊಡ್ಡ ಹೂವಿನ ಬಟ್ಟೆ. ದಾಸವಾಳ ಎಲ್ಲಿದೆಯೆಂದು ಹುಡುಕಬೇಕಿತ್ತು. ಸಣ್ಣ ಚುಕ್ಕಿಯ ತಿಳಿಬೂದು ಹಾಕಿದೊಡನೆ ಹೂವು ಮುಂದೆ ಬಂತು. ಅದರ ನಡುವೆ ಆರು ಪದರ ಸೇರಿ ರಟ್ಟಿನಂತಾಗಿತ್ತು, ಸೂಜಿ ಹೊಲಿಗೆ ಬಿಡುತ್ತಿತ್ತು. ಕೆಳಗೆ ಅಡಗಿದ ಪದರಗಳನ್ನು ಹಿಂದಿನಿಂದ ಕತ್ತರಿಸಿ ತೆಗೆದು, ತುಸು ದಪ್ಪನೆಯ 90/14 ಅಳತೆಯ ಸೂಜಿ ಹಾಕಿದ ಮೇಲೆ ಸರಿಹೋಯಿತು.

ಕ್ವಿಲ್ಟಿಂಗ್ ಹಂತದಲ್ಲಿ ಅವಸರ ಬೇಡ. ಮೇಲಿನ ಚಿತ್ರ, ನಡುವೆ ಹತ್ತಿಯ ಬ್ಯಾಟಿಂಗ್ (ಮೆತ್ತನೆಯ ನಡುಪದರ), ಕೆಳಗೆ ಅಸ್ತರು. ಕೆಳಗಿನ ಎರಡು ಪದರಗಳೂ ನಾಲ್ಕೂ ಕಡೆ 2 ಇಂಚು ಹೆಚ್ಚಿರಲಿ. ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್. ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲು ಇಳಿಸಿ, ನಡುವಿನಿಂದ ಹೊರಕ್ಕೆ ಹೊಲಿಯಿರಿ. ಅಂಟು ಬರೀ ತಾತ್ಕಾಲಿಕ. ಪ್ರತಿ ಚೂರಿನ ಮೇಲೂ ಒಂದಾದರೂ ಹೊಲಿಗೆ ಹಾಯಬೇಕು, ಇಲ್ಲದಿದ್ದರೆ ಕೆಲವು ತಿಂಗಳುಗಳಲ್ಲಿ ಅಂಚು ಏಳುತ್ತದೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವಾಗ ಮೂಲೆಯಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡು ಇಟ್ಟ ಹಾಗೆಯೇ ಕೆಳಗಿನ ಸೀರೆಯವರೆಗೂ ಕೈಹೊಲಿಗೆ ಇಳಿಯುತ್ತದೆ. ಆ ಗಟ್ಟಿತನ ನಮ್ಮ ಕಣ್ಣ ಮುಂದಿರಲಿ.

ಹೊಲಿದಂತೆ ಬಟ್ಟೆ ಒಳಸೇದುತ್ತದೆ, ಆದ್ದರಿಂದ ಅಳತೆಗೆ ಕತ್ತರಿಸುವುದು ಕೊನೆಗೇ. ಅಂಚುಪಟ್ಟಿಗೆ ಎರಡೂವರೆ ಇಂಚಿನ ಪಟ್ಟಿ, ಎರಡಾಗಿ ಮಡಿಸಿ.

ಈಗ ಒಂದೊಂದೇ ಕ್ವಿಲ್ಟನ್ನು ತಿರುಗಿಸಿ ತೋರಿಸುತ್ತೇವೆ. ಹಿಂಬದಿಯ ಕೆಳಮೂಲೆಯಲ್ಲಿ ಪುಟ್ಟ ಬಿಳಿ ಬಟ್ಟೆ, ಅದರ ಮೇಲೆ ಮಾಡಿದವರ ಹೆಸರು, ಊರು, ಇಸವಿ. ಎಮ್ಮೆ ಮಾಡಿದವರು ಎಮ್ಮೆಯ ಹೆಸರನ್ನೂ ಕಸೂತಿ ಹಾಕಿದ್ದಾರೆ: ಗೌರಿ.