ಕೊನೆಯ ಸಾಲಿನ ಚಾಪೆ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ಕೆಲವರು ತರಕಾರಿ ಹೆಚ್ಚುತ್ತಿರಬಹುದು, ಕೆಲವರು ವಾಕಿಂಗ್ ಮುಗಿಸಿ ಕಾಫಿಗೆ ಕೂತಿರಬಹುದು. ಕೆಲಸ ನಿಲ್ಲಿಸಬೇಡಿ. ಕಿವಿ ಇತ್ತ ಕೊಡಿ, ಸಾಕು.

ನಾನು ಮೈಸೂರಿನಲ್ಲಿ 24 ವರ್ಷದಿಂದ ಯೋಗ ಹೇಳಿಕೊಡುತ್ತಿದ್ದೇನೆ. ಹೊಸಬರು ಬಂದ ವಾರದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಶೀರ್ಷಾಸನ ಎಷ್ಟು ದಿನಕ್ಕೆ ಬರುತ್ತೆ?" ಈ ಪ್ರಶ್ನೆ ಕೇಳಿದರೆ ನನಗೆ ಈಗಲೂ ಸ್ವಲ್ಪ ಬೇಸರ ಆಗುತ್ತದೆ, ಮುಚ್ಚಿಡುವುದಿಲ್ಲ. ಬರುತ್ತೆ, ಎಲ್ಲಿಗೆ ಹೋಗುತ್ತೆ? ಕಲಿಯೋಕೆ ಬಂದಿದ್ದೀರಿ ಅಲ್ವಾ, ಸ್ವಲ್ಪ ದಿನ ಕಲಿಯುವವರಾಗಿಯೇ ಇರಿ. ನಾನು ಇವತ್ತು ಹೇಳಬೇಕಾಗಿರುವುದು ಇಷ್ಟೇ. ಕಲಿಯುವವರಾಗಿ ಇರಿ.

ನಮ್ಮೂರಿನ ಪದ್ಧತಿಯೇ ಹಾಗಿದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಜಗನ್ಮೋಹನ ಅರಮನೆಯಲ್ಲಿ, ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಅವರ ಶಿಷ್ಯರು ಪಟ್ಟಾಭಿ ಜೋಯಿಸರು, ಹಾಸನ ಜಿಲ್ಲೆಯ ಕೌಶಿಕದವರು. ಮೈಸೂರಿನ ಲಕ್ಷ್ಮೀಪುರಂನಲ್ಲಿ 1948ರಲ್ಲಿ ಸ್ವಂತ ಶಾಲೆ ತೆರೆದರು. ಅವರು ಕಲಿಸುತ್ತಿದ್ದ ರೀತಿಗೆ ಇವತ್ತು ಜಗತ್ತೇ 'ಮೈಸೂರು ಶೈಲಿ' ಅನ್ನುತ್ತದೆ. ಅಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡುವುದಿಲ್ಲ. ಕೋಣೆ ಒಂದೇ, ಆದರೆ ಒಬ್ಬೊಬ್ಬರದು ಒಂದೊಂದು ಹಂತ. ಇವತ್ತಿನ ಆಸನ ಮೈಗೆ ಒಗ್ಗಿದ ಮೇಲೆಯೇ ಗುರುಗಳು ಮುಂದಿನದನ್ನು ಕೊಡುತ್ತಾರೆ. ಗುರುಗಳು ಕೊಡಬೇಕು, ನಾವಾಗಿ ಎತ್ತಿಕೊಳ್ಳುವ ಹಾಗಿಲ್ಲ. ಪಕ್ಕದವರು ಎಲ್ಲಿದ್ದಾರೆ ಅನ್ನುವುದು ನಿಮಗೆ ಬೇಡ.

ಇದನ್ನೆಲ್ಲ ನಾನು ಬಾಯಲ್ಲಿ ಹೇಳುತ್ತಿದ್ದೆ. ಅರ್ಥವಾದದ್ದು ಕೈ ಮುರಿದ ಮೇಲೆ.

ನಾಲ್ಕು ವರ್ಷದ ಹಿಂದೆ, ಮಳೆಗಾಲ. ಹಿತ್ತಲಲ್ಲಿ ಪಾಚಿ ಕಟ್ಟಿತ್ತು. ತುಳಸಿಗೆ ನೀರು ಹಾಕಲು ಹೋದವಳು ಜಾರಿ ಬಿದ್ದೆ. ಬಲ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೆ ನೋಡಿದರೆ ಅದು ನನ್ನ ಕೈ ಅನ್ನಿಸಲೇ ಇಲ್ಲ. ಒಂದು ಲೋಟ ಎತ್ತುವುದೇ ಕಷ್ಟ, ಇನ್ನು ಕೈಯೂರಿ ಸೂರ್ಯನಮಸ್ಕಾರ ಮಾಡುವುದೆಲ್ಲಿ? ನನ್ನ ತರಗತಿಯನ್ನು ಶಿಷ್ಯೆಯೊಬ್ಬಳಿಗೆ ಒಪ್ಪಿಸಿ, ಇನ್ನೊಂದು ಬಡಾವಣೆಯ ಶಾಲೆಗೆ ಸೇರಿಕೊಂಡೆ. ಮೇಷ್ಟ್ರು ನನ್ನ ಮಗನ ವಯಸ್ಸಿನ ಹುಡುಗ. "ಮೊದಲು ಯೋಗ ಮಾಡಿದ್ದೀರಾ ಅಮ್ಮ?" ಅಂತ ಕೇಳಿದರು. "ಸ್ವಲ್ಪ" ಅಂದೆ. ಕೊನೆಯ ಸಾಲಿನಲ್ಲಿ ಚಾಪೆ ಹಾಕಿಕೊಂಡೆ.

ಎರಡು ದಿನ ಬರೀ ತಾಡಾಸನ. ಸುಮ್ನೆ ನೇರ ನಿಲ್ಲುವುದು. ಒಳಗೊಳಗೇ ಚಡಪಡಿಕೆ. ಇಪ್ಪತ್ತು ವರ್ಷ ಕಲಿಸಿದವಳಿಗೆ ನಿಲ್ಲೋದು ಹೇಳಿಕೊಡುತ್ತಾರಾ? ಮೂರನೆಯ ದಿನ ಅವರು ನನ್ನ ಕಾಲ ಬಳಿ ಕೂತರು. "ಅಮ್ಮ, ಎಡಗಾಲಿನ ಹೆಬ್ಬೆರಳ ಬುಡ ನೆಲಕ್ಕೆ ಊರಿಲ್ಲ" ಅಂದರು. ಊರಿದೆ ಅಂದೆ. ಅವರು ವಾದ ಮಾಡಲಿಲ್ಲ. ಒಂದು ಕಾಗದದ ಚೂರು ತಂದು ಬಲ ಹೆಬ್ಬೆರಳ ಬುಡಕ್ಕೆ ಇಟ್ಟು, ನಿಲ್ಲಿ ಅಂದು, ಎಳೆದರು. ಬರಲಿಲ್ಲ. ಎಡಗಾಲಿಗೆ ಇಟ್ಟು ಎಳೆದರು. ಸರಕ್ಕನೆ ಬಂದುಬಿಟ್ಟಿತು.

ಮನೆಗೆ ಬಂದವಳೇ ಚಪ್ಪಲಿ ತಿರುಗಿಸಿ ನೋಡಿದೆ. ಎಡ ಚಪ್ಪಲಿಯ ಹೊರ ಅಂಚು ಪೂರ್ತಿ ಸವೆದಿತ್ತು. "ಎರಡು ಪಾದದ ಮೇಲೂ ಭಾರ ಸಮನಾಗಿರಲಿ" ಅಂತ ನಾನು ಎಷ್ಟು ಸಾವಿರ ಸಲ ಹೇಳಿದ್ದೆನೋ! ನನ್ನ ಕಾಲಿನದೇ ನನಗೆ ಗೊತ್ತಿರಲಿಲ್ಲ. ಆ ಸಂಜೆ ಆದ ಸಂತೋಷ, ಮೊದಲ ಸಲ ಶೀರ್ಷಾಸನ ನಿಂತಾಗಲೂ ಆಗಿರಲಿಲ್ಲ. ಇನ್ನೂ ಕಲಿಯುವುದಿದೆ ಅನ್ನುವ ಸಂತೋಷ ಅದು. ಎಂಟು ತಿಂಗಳು ಆ ಕೊನೆಯ ಸಾಲಿನಲ್ಲೇ ಇದ್ದೆ.

ಪ್ರಾಣಾಯಾಮದ ಬಗ್ಗೆ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ, ಸಮಯ ಮುಗಿಯುತ್ತಾ ಬಂತು. ಬಿ.ಕೆ.ಎಸ್. ಅಯ್ಯಂಗಾರರ ಹೆಸರಾದರೂ ಹೇಳಿಬಿಡುತ್ತೇನೆ. 1918ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದರು. ಕಾಯಿಲೆಯ ಹುಡುಗ, ಮೈ ಬಗ್ಗುತ್ತಿರಲಿಲ್ಲ. ಅದೇ ಕೃಷ್ಣಮಾಚಾರ್ಯರ ಬಳಿ ಮೈಸೂರಿನಲ್ಲಿ ಕಲಿತರು. ಮುಂದೆ ಪುಣೆಯಲ್ಲಿ ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಕುರ್ಚಿ ಎಲ್ಲವನ್ನೂ ಯೋಗಕ್ಕೆ ತಂದರು. ಬಗ್ಗದವರಿಗೂ ಆಸನ ಸಿಗಲಿ ಅಂತ. ತೊಂಬತ್ತು ದಾಟಿದ ಮೇಲೂ ಅವರ ಅಭ್ಯಾಸ ನಿಂತಿರಲಿಲ್ಲ. ದಯವಿಟ್ಟು ಇಟ್ಟಿಗೆ ಇಟ್ಟುಕೊಳ್ಳಲು ನಾಚಬೇಡಿ. ಕೈ ನೆಲಕ್ಕೆ ಮುಟ್ಟದಿದ್ದರೆ ಇಟ್ಟಿಗೆಗೆ ಮುಟ್ಟಲಿ. ಫೋಟೋಗೋಸ್ಕರ ಬೆನ್ನು ಗೂನು ಮಾಡಿಕೊಂಡು ನೆಲ ಮುಟ್ಟಬೇಡಿ.

ಮಂಡಿ ನೋವು, ವಯಸ್ಸಾಯ್ತು, ಈಗ ಶುರು ಮಾಡಬಹುದಾ ಅಂತ ಪತ್ರ ಬರೆಯುವವರು ಜಾಸ್ತಿ. ಮಾಡಬಹುದು. ಒಳ್ಳೆಯ ಮೇಷ್ಟ್ರನ್ನು ಹುಡುಕಿ, ನೋವಿರುವುದನ್ನು ಮೊದಲ ದಿನವೇ ಹೇಳಿ, ಕೊನೆಯ ಸಾಲಿನಲ್ಲಿ ಚಾಪೆ ಹಾಸಿ.

ಇವತ್ತೇ ಶುರು ಮಾಡುವವರಿಗೆ ಒಂದು ಕೆಲಸ ಕೊಡುತ್ತೇನೆ. ಬಾಗಿಲ ಹತ್ತಿರ ನಿಮ್ಮ ಚಪ್ಪಲಿ ಇರುತ್ತದೆ. ಹೋಗಿ, ತಿರುಗಿಸಿ ನೋಡಿ. ಯಾವ ಅಂಚು ಸವೆದಿದೆ? ಆಮೇಲೆ ಬರಿಗಾಲಲ್ಲಿ ನಿಂತು, ಆ ಕಡೆಯ ಹೆಬ್ಬೆರಳ ಬುಡವನ್ನು ಮೆಲ್ಲಗೆ ನೆಲಕ್ಕೆ ಊರಿ. ನಮಸ್ಕಾರ.